ಅಂಗಳಕ್ಕೆ ಕಲ್ಲು ಹಾಸುವ ಮುನ್ನ

ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಯ ಹಳೆಯ ಮನೆಗಳಲ್ಲಿ ಯಾವ ರಿಪೇರಿ ಎತ್ತಿಕೊಂಡರೂ ಅದು ಕೊನೆಗೆ ಅಂಗಳಕ್ಕೆ ಬಂದು ನಿಲ್ಲುತ್ತದೆ. ಸೂರು ಸೋರುವುದು ನಿಂತಿತು, ಗೋಡೆಗೆ ಬಣ್ಣವಾಯಿತು. ಗೇಟಿನಿಂದ ಪೋರ್ಟಿಕೋವರೆಗೆ ಕಾರು ಹೋಗುವ ಜಾಗಕ್ಕೆ ಏನು ಹಾಸುವುದು? ಹಿತ್ತಲಿನ ತೆಂಗಿನಮರದವರೆಗೆ ಹೋಗುವ ದಾರಿಗೆ ಏನು? ಕಾಂಕ್ರೀಟ್, ಇಂಟರ್‌ಲಾಕ್ ಪೇವರ್, ಟೈಲ್ಸ್ ಇವುಗಳ ಸಾಲಿಗೆ ಈಚಿನ ವರ್ಷಗಳಲ್ಲಿ ಇನ್ನೊಂದು ಸೇರಿದೆ. ನಾಲ್ಕು ಇಂಚು ಉದ್ದ, ಅಗಲ, ದಪ್ಪದ ಗ್ರಾನೈಟ್ ತುಂಡು. ಮೇಸ್ತ್ರಿಗಳ ಬಾಯಲ್ಲಿ ಕಾಬಲ್ ಕಲ್ಲು. 2018ರಲ್ಲಿ ಚರ್ಚ್ ಸ್ಟ್ರೀಟ್ ಈ ಕಲ್ಲು ಹಾಸಿಕೊಂಡು ಹೊಸದಾಗಿ ತೆರೆದುಕೊಂಡ ಮೇಲೆ ನಗರದ ಮಂದಿಗೆ ಅದರ ಮೇಲೆ ಕಣ್ಣು ಬಿತ್ತು. ರಸ್ತೆಯಲ್ಲಿ ಚೆಂದ ಕಂಡದ್ದು ನಮ್ಮ ಅಂಗಳದಲ್ಲೂ ಚೆಂದವೇ ಎಂಬ ಆಸೆ ಸಹಜ. ಆ ಆಸೆಯ ಪರವಾಗಿಯೂ ವಿರುದ್ಧವಾಗಿಯೂ ಗಟ್ಟಿ ಮಾತುಗಳಿವೆ. ಎರಡನ್ನೂ ಪೂರ್ತಿ ಕೇಳಿಸಿಕೊಂಡೇ ಕಲ್ಲಿನ ಲೋಡಿಗೆ ಮುಂಗಡ ಕೊಡುವುದು ಒಳ್ಳೆಯದು.

ಕಲ್ಲು ಈ ಊರಿಗೆ ಹೊಸತಲ್ಲ. ಲಾಲ್‌ಬಾಗಿನಲ್ಲಿ ಕೆಂಪೇಗೌಡರ ಗೋಪುರ ಹೊತ್ತಿರುವ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು; ಭೂವಿಜ್ಞಾನ ಸರ್ವೇಕ್ಷಣೆ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿದೆ. ಬಸವನಗುಡಿಯ ಬ್ಯೂಗಲ್ ರಾಕ್, ಪಕ್ಕದ ದೊಡ್ಡ ಬಸವಣ್ಣ ಎಲ್ಲವೂ ಈ ನೆಲದ ಕಲ್ಲೇ. ಮಲ್ಲಸಂದ್ರ, ಹೆಸರಘಟ್ಟದ ಕ್ವಾರಿಗಳ ಬೂದುಗಲ್ಲಿನಿಂದ ವಿಧಾನಸೌಧ ಎದ್ದು 1956ರಲ್ಲಿ ಮುಗಿಯಿತು. 1892ರಲ್ಲಿ ಚಾಮರಾಜಪೇಟೆ ಹುಟ್ಟಿತು. 1898ರ ಪ್ಲೇಗ್ ಬಂದ ಮೇಲೆ ಪೇಟೆಯ ಇಕ್ಕಟ್ಟಿನಿಂದ ಹೊರಬಂದವರು ಬಸವನಗುಡಿ, ಮಲ್ಲೇಶ್ವರದಲ್ಲಿ ನೆಲೆಯಾದರು. ಅವರು ಕಟ್ಟಿದ ಮನೆಗಳ ತಳಪಾಯ, ಮೆಟ್ಟಿಲು, ಕಾಂಪೌಂಡಿನ ಕಂಬ, ಚರಂಡಿ ಮುಚ್ಚುವ ಚಪ್ಪಡಿ ಎಲ್ಲ ಕಲ್ಲೇ ಆಗಿತ್ತು.

ಆದರೆ ಆ ಮನೆಗಳ ಅಂಗಳ ಕಲ್ಲಿನದಾಗಿರಲಿಲ್ಲ. ಗೇಟಿನಿಂದ ಮೆಟ್ಟಿಲವರೆಗೆ ಒಂದು ಸಾಲು ಅಗಲವಾದ ಚಪ್ಪಡಿ, ಬಾವಿಕಟ್ಟೆಯ ಸುತ್ತ ಇನ್ನಷ್ಟು, ಬಟ್ಟೆ ಒಗೆಯುವ ಕಡೆ ಒಂದು ಒರಟು ಬಂಡೆ. ಉಳಿದದ್ದೆಲ್ಲ ಮಣ್ಣು: ಪಾರಿಜಾತ, ಸಂಪಿಗೆ, ಮಾವು, ತೆಂಗು. ಕಾಲಿಡುವ ಕಡೆ ಮಾತ್ರ ಕಲ್ಲು, ಮಿಕ್ಕ ಕಡೆ ನೆಲ ಉಸಿರಾಡಲಿ ಎನ್ನುವ ಲೆಕ್ಕ. ಅಂಗಳವನ್ನು ಅಂಚಿನಿಂದ ಅಂಚಿನವರೆಗೆ ಮುಚ್ಚುವ ಅಭ್ಯಾಸ ಬಂದದ್ದು ಕಾರು ಬಂದ ಮೇಲೆ, ಮಣ್ಣು ಗುಡಿಸಲು ಆಳು ಸಿಗದ ಮೇಲೆ, 60×90 ಅಡಿಯ ನಿವೇಶನಗಳು ಅಣ್ಣತಮ್ಮಂದಿರ ನಡುವೆ ಪಾಲಾದ ಮೇಲೆ. ಕಾಬಲ್ ಕಲ್ಲನ್ನು ಪರಂಪರೆಯ ಹೆಸರಿನಲ್ಲಿ ಮಾರುವವರಿಗೆ ಈ ವ್ಯತ್ಯಾಸ ನೆನಪಿಸಬೇಕು. ಕಲ್ಲು ನಮ್ಮದು, ಚಪ್ಪಡಿ ನಮ್ಮದು. ಸಣ್ಣ ಚೌಕಗಲ್ಲನ್ನು ಅಂಗಳದ ತುಂಬ ಹಾಸುವುದು ಹೊರಗಿನಿಂದ ಬಂದ ಪದ್ಧತಿ. ಹೊರಗಿನದೆಂದ ಮಾತ್ರಕ್ಕೆ ಕೆಟ್ಟದಲ್ಲ. ಆದರೆ ಅಜ್ಜನ ಕಾಲದ್ದೆಂಬ ರಿಯಾಯಿತಿ ಅದಕ್ಕೆ ಸಲ್ಲದು. ತನ್ನ ಗುಣದಿಂದಲೇ ಅದು ಗೆಲ್ಲಬೇಕು.

ಆ ಗುಣಗಳಲ್ಲಿ ಮೊದಲನೆಯದು ಬಾಳಿಕೆ. ಕಾಂಕ್ರೀಟ್ ಅಂಗಳ ಕೆಲವು ಬೇಸಿಗೆ ಕಳೆಯುವಷ್ಟರಲ್ಲಿ ಬಿರುಕು ಬಿಡುತ್ತದೆ. ಬಿರುಕಿಗೆ ಹಾಕಿದ ಸಿಮೆಂಟಿನ ತೇಪೆ ಮುಂದಿನ ಮಳೆಗೆ ಎದ್ದುಬರುತ್ತದೆ. ಇಂಟರ್‌ಲಾಕ್ ಪೇವರಿನ ಕೆಂಪು ಹಳದಿ ಬಿಸಿಲಿಗೆ ಮಾಸುತ್ತದೆ, ಅಂಚು ಸವೆದು ಜಲ್ಲಿ ಇಣುಕುತ್ತದೆ. ಗ್ರಾನೈಟಿಗೆ ಈ ಕಾಟಗಳಿಲ್ಲ. ಅದರ ಬಣ್ಣ ಮೇಲೆ ಬಳಿದದ್ದಲ್ಲ, ಒಳಗಿನದು. ಕಾರಿನ ಎಂಜಿನ್ ಆಯಿಲ್ ಬಿದ್ದು ಕಲೆಯಾದರೆ ಆ ನಾಲ್ಕು ಕಲ್ಲು ಎತ್ತಿ, ತಲೆಕೆಳಗು ಮಾಡಿ ಕೂರಿಸಿದರೆ ಹೊಸ ಮುಖ. ಮನೆ ಕೆಡವುವ ದಿನ ಬಂದರೂ ಕಲ್ಲು ಕಸವಾಗದು; ಇನ್ನೊಂದು ಅಂಗಳಕ್ಕೆ ಹಾಗೇ ಹೋಗುತ್ತದೆ.

ಎರಡನೆಯದು, ಅಗೆದು ಮುಚ್ಚುವ ಅನುಕೂಲ. ಹಳೆಯ ಬಡಾವಣೆಗಳ ಅಂಗಳದಡಿ ಏನೇನು ಹುದುಗಿದೆ ಎಂಬುದು ಅಗೆದಾಗಲೇ ಗೊತ್ತು: ತುಕ್ಕು ಹಿಡಿದ ಕಬ್ಬಿಣದ ನೀರಿನ ಪೈಪು, ಮಣ್ಣಿನ ಸ್ಯಾನಿಟರಿ ಪೈಪು, ಕರೆಂಟಿನ ಕೇಬಲ್ಲು. ಕಾಂಕ್ರೀಟ್ ಆದರೆ ಬ್ರೇಕರ್ ತರಬೇಕು. ಒಡೆದದ್ದರ ಗುರುತು ಗಾಯದ ಕಲೆಯಂತೆ ಉಳಿಯುತ್ತದೆ. ಮರಳಿನ ಮೇಲೆ ಕೂರಿಸಿದ ಕಲ್ಲನ್ನು ಗಡಾರಿಯಿಂದ ಮೀಟಿ ತೆಗೆದು, ಕೆಲಸ ಮುಗಿಸಿ, ಅದೇ ಕಲ್ಲು ಅದೇ ಜಾಗಕ್ಕೆ. ಮರದ ಬೇರು ಉಬ್ಬಿ ನೆಲ ಎತ್ತಿದರೂ ಅಷ್ಟೇ: ಅಲ್ಲಿನ ಕಲ್ಲು ತೆಗೆದು, ಬೇರಿಗೆ ಜಾಗ ಬಿಟ್ಟು, ಮಟ್ಟ ಮಾಡಿಕೊಳ್ಳಬಹುದು. ಬೇರು ಕಡಿಯುವ ಯೋಚನೆಯೇ ಬೇಡ.

ಮೂರನೆಯದು ನೀರು. ಕಾಬಲ್ ಕಲ್ಲಿನ ಪರ ಮಾತಾಡುವವರು ಎಲ್ಲಕ್ಕಿಂತ ಹೆಚ್ಚು ಎತ್ತುವುದು ಇದನ್ನೇ. ಬೆಂಗಳೂರಿನಲ್ಲಿ ವರ್ಷಕ್ಕೆ ಸರಾಸರಿ 970 ಮಿಲಿಮೀಟರಿನಷ್ಟು ಮಳೆ. 600 ಚದರಡಿಯ ಅಂಗಳ ಎಂದರೆ ಸುಮಾರು 56 ಚದರ ಮೀಟರ್. ಒಂದು ಸಂಜೆ 50 ಮಿಲಿಮೀಟರ್ ಸುರಿದರೆ ಆ ಅಂಗಳವೊಂದರ ಮೇಲೆಯೇ 2,800 ಲೀಟರ್ ನೀರು. ಅದು ನೆಲಕ್ಕಿಳಿಯದಿದ್ದರೆ ಗೇಟು ದಾಟಿ, ಮೋರಿ ಹಿಡಿದು, ರಾಜಕಾಲುವೆ ಸೇರಿ ವೃಷಭಾವತಿಗೆ. 2022ರ ಸೆಪ್ಟೆಂಬರಿನಲ್ಲಿ ಮುಳುಗಿದ ಊರೇ 2024ರ ಮಾರ್ಚಿನಲ್ಲಿ ಬತ್ತಿದ ಬೋರ್‌ವೆಲ್ ಮುಂದೆ ಟ್ಯಾಂಕರಿಗೆ ಕಾದದ್ದು. 2009ರಲ್ಲಿ ಜಲಮಂಡಳಿಯ ಕಾಯ್ದೆಗೆ ತಿದ್ದುಪಡಿಯಾಗಿ ಮಳೆನೀರು ಕೊಯ್ಲು ಕಡ್ಡಾಯವಾದಾಗ, ಸೂರಿನ ಪ್ರತಿ ಚದರ ಮೀಟರಿಗೆ 20 ಲೀಟರಿನ ಜೊತೆಗೆ, ಹಾಸು ಹಾಕಿದ ತೆರೆದ ಜಾಗದ ಪ್ರತಿ ಚದರ ಮೀಟರಿಗೂ 10 ಲೀಟರ್ ಹಿಡಿಯಬೇಕೆಂದು ನಿಯಮವಾಯಿತು. ಅಂಗಳ ಮುಚ್ಚಿದವನು ಆ ನೀರಿಗೆ ಹೊಣೆ ಎಂಬುದು ಅದರ ತಿರುಳು. ಇಂಗ್ಲೆಂಡಿನಲ್ಲಿ 2008ರಿಂದ ಮನೆ ಮುಂದಿನ ತೋಟದ ಐದು ಚದರ ಮೀಟರಿಗಿಂತ ಹೆಚ್ಚು ಜಾಗವನ್ನು ನೀರಿಳಿಯದ ಹಾಗೆ ಮುಚ್ಚಬೇಕಾದರೆ, ಹರಿದುಹೋಗುವ ನೀರಿಗೆ ತಮ್ಮದೇ ಜಾಗದಲ್ಲಿ ದಾರಿ ಮಾಡದವರು ಅನುಮತಿ ಪಡೆಯಬೇಕು.

ಕಲ್ಲು ನೀರು ಕುಡಿಯುವುದಿಲ್ಲ. ಕುಡಿಯುವುದು ಕಲ್ಲುಗಳ ನಡುವಿನ ಸಂದು. ನಾಲ್ಕು ಇಂಚಿನ ಕಲ್ಲನ್ನು ಹತ್ತು ಮಿಲಿಮೀಟರ್ ಸಂದು ಬಿಟ್ಟು ಕೂರಿಸಿದರೆ ಹಾಸಿನ ಆರನೇ ಒಂದು ಭಾಗ ಬರೀ ಸಂದೇ ಆಗುತ್ತದೆ. ಆ ಸಂದಿನಲ್ಲಿ ಧೂಳು ಜರಡಿ ಹಿಡಿದು ತೆಗೆದ ಜಲ್ಲಿಪುಡಿ, ಅದರಡಿ ಮರಳು, ಅದರಡಿ ಜಲ್ಲಿ ಇದ್ದರೆ ಸಾಧಾರಣ ಮಳೆಯ ಬಹುಪಾಲು ಅಲ್ಲೇ ಇಳಿಯುತ್ತದೆ. ಸಂದಿಗೆ ಸಿಮೆಂಟ್ ಹಾಲು ಸುರಿದರೆ ಲೆಕ್ಕ ಮುಗಿಯಿತು. ಊರಿನ ಹೆಚ್ಚಿನ ಮನೆಗಳಲ್ಲಿ ನಡೆಯುವುದು ಅದೇ. "ಸಾರ್, ಅಡಿಗೆ ಪಿಸಿಸಿ ಹಾಕಿ ಮೇಲೆ ಪಾಯಿಂಟಿಂಗ್ ಮಾಡ್ಬಿಡೋಣ, ಕಲ್ಲು ಅಲುಗಾಡಲ್ಲ, ಹುಲ್ಲೂ ಬರಲ್ಲ" ಎನ್ನುತ್ತಾರೆ ಮೇಸ್ತ್ರಿ. ಪಿಸಿಸಿ ಎಂದರೆ ಅಡಿಗೆ ಹಾಕುವ ಕಾಂಕ್ರೀಟ್ ಪದರ, ಪಾಯಿಂಟಿಂಗ್ ಎಂದರೆ ಸಂದಿಗೆ ತುಂಬುವ ಸಿಮೆಂಟ್. ಮಾತು ಸುಳ್ಳಲ್ಲ. ಆದರೆ ಹಾಗೆ ಮಾಡಿದ ಅಂಗಳ ನೀರಿನ ಪಾಲಿಗೆ ಕಲ್ಲುಡುಪು ತೊಟ್ಟ ಕಾಂಕ್ರೀಟೇ. ಅಗೆದು ಮುಚ್ಚುವ ಅನುಕೂಲವೂ ಅದರೊಂದಿಗೇ ಹೋಯಿತು. ಇನ್ನೂ ಒಂದು ಮಾತನ್ನು ಕಲ್ಲಿನ ಪರದವರು ಒಪ್ಪಬೇಕು: ನೀರಿಂಗುವ ಪುಣ್ಯ ಕಲ್ಲೊಂದರದೇ ಅಲ್ಲ. ಮರಳಿನ ಮೇಲೆ ಸಂದು ಬಿಟ್ಟು ಹಾಸಿದ ಕಾಂಕ್ರೀಟ್ ಪೇವರಿನ ಕೆಳಗೂ ನೀರು ಇಳಿಯುತ್ತದೆ, ಅದೂ ಕಡಿಮೆ ಖರ್ಚಿನಲ್ಲಿ.

ಇನ್ನು ವಿರುದ್ಧದ ಮಾತು. ಅದು ಶುರುವಾಗಬೇಕಾದ್ದು ಕಾಲಿನಿಂದ. ಈ ಬಡಾವಣೆಗಳಲ್ಲಿ ಮಕ್ಕಳು ಬೇರೆ ಊರು, ಬೇರೆ ದೇಶ ಸೇರಿ, ಮನೆಯಲ್ಲಿ ಉಳಿದವರು ಎಪ್ಪತ್ತು, ಎಂಬತ್ತು ದಾಟಿದ ಇಬ್ಬರೇ ಎನ್ನುವ ಮನೆ ಹೆಚ್ಚು. ಬೆಳಿಗ್ಗೆ ಗೇಟಿನ ಬಳಿ ಹಾಲಿನ ಚೀಲ ತರಲು ವಾಕರ್ ಹಿಡಿದು ಹೋಗುವ ಅಜ್ಜಿಯನ್ನು ನೆನೆಯಿರಿ. ಕೈಯಿಂದ ಒಡೆದ ಕಲ್ಲಿನ ತಲೆ ಮಟ್ಟವಾಗಿರುವುದಿಲ್ಲ. ಒಂದು ಸ್ವಲ್ಪ ಉಬ್ಬು, ಪಕ್ಕದ್ದು ಸ್ವಲ್ಪ ತಗ್ಗು. ವಾಕರಿನ ರಬ್ಬರ್ ಪಾದ ಉಬ್ಬಿನ ಮೇಲಿಟ್ಟರೆ ಓಲಾಡುತ್ತದೆ, ಸಂದಿಗಿಳಿದರೆ ಸಿಕ್ಕಿಕೊಳ್ಳುತ್ತದೆ. ಗಾಲಿಕುರ್ಚಿ ತಳ್ಳುವಾಗ ಮುಂದಿನ ಪುಟ್ಟ ಗಾಲಿ ಪ್ರತಿ ಸಂದಿನಲ್ಲೂ ಕುಲುಕುತ್ತದೆ. ಸೊಂಟದ ಆಪರೇಷನ್ ಆದವರಿಗೆ ಆ ಕುಲುಕಾಟ ಬರೀ ಕಿರಿಕಿರಿಯಲ್ಲ, ನೋವು. ಮಳೆಗಾಲದಲ್ಲಿ ಮರದ ನೆರಳಿನ ಕಲ್ಲಿನ ಮೇಲೆ ಪಾಚಿ ಕಟ್ಟುತ್ತದೆ. ಹೊಂಗೆ, ಸಂಪಿಗೆ ಹೂ ಉದುರಿ ಸಂದಿನಲ್ಲಿ ಕೊಳೆತು ಜಾರುತ್ತದೆ. ಬೀದಿಯ ಉದ್ದಕ್ಕೂ ಕಲ್ಲುತುಂಡು ಜೋಡಿಸಿದ ಲಿಸ್ಬನ್ ನಗರದಲ್ಲೂ ವಯಸ್ಸಾದವರು ಜಾರಿ ಬೀಳುವ ದೂರು ಹಳೆಯದು. ಯುವಕರಾಗಿ ಅಂಗಳ ಹಾಸಿಸಿದವರೂ ಅದೇ ಅಂಗಳದಲ್ಲಿ ಮುದುಕರಾಗುತ್ತಾರೆ. ನೂರು ವರ್ಷ ಬಾಳುವ ಹಾಸು ಎಂದು ಹೊಗಳುವಾಗ ಆ ನೂರು ವರ್ಷದಲ್ಲಿ ಎಷ್ಟು ಮಂದಿಯ ಮಂಡಿ ಸವೆಯುತ್ತದೆ ಎಂಬ ಲೆಕ್ಕವೂ ಇರಲಿ.

ಎರಡನೆಯ ತಕರಾರು ನಮ್ಮ ಕಡೆಗೇ ಸೇರಿದ್ದು: ರಂಗೋಲಿ. ಗೇಟಿನ ಮುಂದೆ, ಮೆಟ್ಟಿಲ ಕೆಳಗೆ ನೀರು ಹಾಕಿ ಗುಡಿಸಿ, ಚುಕ್ಕಿ ಇಟ್ಟು ಎಳೆ ಎಳೆಯುವುದಕ್ಕೆ ಮಟ್ಟಸವಾದ ನೆಲ ಬೇಕು. ಕಾಬಲ್ ಕಲ್ಲಿನ ಮೇಲೆ ಹತ್ತು ಚುಕ್ಕಿ ಇಟ್ಟರೆ ಮೂರು ಸಂದಿಗೆ ಬೀಳುತ್ತವೆ. ಎಳೆ ಕಲ್ಲಿನಿಂದ ಕಲ್ಲಿಗೆ ಹಾರುವಾಗ ತುಂಡಾಗುತ್ತದೆ. ಮರುದಿನ ತೊಳೆದರೂ ಹಳೆಯ ಪುಡಿ ಸಂದಿನಿಂದ ಬಾರದು. ಕಡ್ಡಿಪೊರಕೆಯಲ್ಲಿ ಗುಡಿಸುವವರ ಕಷ್ಟವೂ ಇಂಥದೇ. ಒಣ ಎಲೆ ಸಂದಿಗೆ ಕಚ್ಚಿಕೊಳ್ಳುತ್ತದೆ, ಗಟ್ಟಿಯಾಗಿ ಎಳೆದರೆ ಜಲ್ಲಿಪುಡಿಯೇ ಮೇಲೆ ಬರುತ್ತದೆ. ಮಳೆ ಬಿದ್ದು ವಾರದಲ್ಲಿ ಗರಿಕೆ, ಕಳೆ ಎಲ್ಲ ತಲೆ ಎತ್ತುತ್ತವೆ. ಮನೆಗೆಲಸದವರ ಬೆನ್ನಿನ ಮೇಲೆ ಬೀಳುವ ಈ ಭಾರ ಕಲ್ಲು ಆರಿಸುವಾಗ ಲೆಕ್ಕಕ್ಕೇ ಬರುವುದಿಲ್ಲ, ಬರಬೇಕು.

ಮೂರನೆಯದು, ನೆಲದಡಿಯ ಸಂಗತಿ. ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಕಾರು ನಿಲ್ಲುವ ಜಾಗದ ಕೆಳಗೇ ಸಂಪು, ಅಂದರೆ ನೆಲದಡಿಯ ನೀರಿನ ತೊಟ್ಟಿ, ಇರುತ್ತದೆ. ನಾಲ್ಕು ಇಂಚಿನ ಒಂದು ಕಲ್ಲು ಎರಡೂವರೆ ಕಿಲೋಗೆ ಮಿಗಿಲು. ಚದರ ಮೀಟರಿಗೆ ಎಂಬತ್ತಕ್ಕೂ ಹೆಚ್ಚು ಕಲ್ಲು ಕೂರುವುದರಿಂದ 220 ಕಿಲೋ ಹತ್ತಿರ ಭಾರ, ಅಡಿಯ ಮರಳಿನ ತೂಕ ಬೇರೆ. ಸಂಪಿನ ಹಳೆಯ ಸ್ಲ್ಯಾಬು ಇದನ್ನೂ ಕಾರನ್ನೂ ಹೊರಬಲ್ಲದೇ ಎಂದು ಎಂಜಿನಿಯರ್ ನೋಡದೆ ಕಲ್ಲು ಇಳಿಸಬಾರದು. ಸಂದಿನಿಂದ ಇಳಿದ ಕೊಳೆನೀರು ಸ್ಲ್ಯಾಬಿನ ಬಿರುಕಿಗೆ ಸಿಕ್ಕರೆ ಸಂಪಿನಲ್ಲಿ ತುಂಬಿಟ್ಟ ಕಾವೇರಿ ನೀರಿಗೇ ಸೇರುತ್ತದೆ. ಮರದ ಬುಡಕ್ಕೂ ಅಪಾಯವಿದೆ: ಕಾರು ತಾಳುವ ಹಾಸಿಗೆ ಸುಮಾರು ಒಂದಡಿ ಅಗೆಯಬೇಕು, ಮಾವಿನಮರಕ್ಕೆ ನೀರು, ಗಾಳಿ ಒಯ್ಯುವ ಸಣ್ಣ ಬೇರುಗಳು ಹೆಚ್ಚಾಗಿ ಇರುವುದು ಆ ಆಳದಲ್ಲೇ. ಹೆಗ್ಗಣಗಳಿಗೂ ಮರಳಿನ ಹಾಸು ಪ್ರಿಯ. ಮೋರಿ ಪಕ್ಕದ ಅಂಚನ್ನು ಗಟ್ಟಿ ಕಟ್ಟದಿದ್ದರೆ ಅವು ಬಿಲ ತೋಡಿ ಮರಳು ಹೊರಹಾಕುತ್ತವೆ, ಮೇಲಿನ ಕಲ್ಲು ಕುಸಿಯುತ್ತದೆ.

ನಾಲ್ಕನೆಯದು ಕೆಲಸಗಾರಿಕೆ. ಕಾಂಕ್ರೀಟ್ ಹಾಕಲು ಯಾವ ಗಾರೆಯವರೂ ಸಿಗುತ್ತಾರೆ. ಕಲ್ಲು ಕೂರಿಸುವ ಕೈಗಳು ಕಡಿಮೆ. ಚೆನ್ನಾಗಿ ಬಲ್ಲವರ ಕೆಲಸ ನೋಡಿದರೆ ಅದರ ಕಷ್ಟ ತಿಳಿಯುತ್ತದೆ. ಮಣ್ಣು ತೆಗೆದು ತಳಕ್ಕೆ ದಿಮ್ಮಸು ಹೊಡೆಯುತ್ತಾರೆ. ಆರು ಇಂಚು ಜಲ್ಲಿಯನ್ನು ಎರಡು ಪದರದಲ್ಲಿ ಹರಡಿ ಬಿಗಿ ಮಾಡುತ್ತಾರೆ. ಅದರ ಮೇಲೆ ಇಂಚೂವರೆ ಎಂ-ಸ್ಯಾಂಡ್, ಅಂದರೆ ಕಲ್ಲು ಪುಡಿ ಮಾಡಿ ತೆಗೆದ ಮರಳು. ದಾರ ಕಟ್ಟಿ, ಅರವತ್ತು ಅಡಿಗೆ ಒಂದಡಿಯಂತೆ ವಾಟ ಹಿಡಿದು, ಮೊದಲು ಅಂಚುಗಲ್ಲನ್ನು ಸಿಮೆಂಟಿನಲ್ಲಿ ಗಟ್ಟಿ ನಿಲ್ಲಿಸುತ್ತಾರೆ. ಆಮೇಲೆ ಒಂದೊಂದೇ ಕಲ್ಲನ್ನು ಕೈಯಲ್ಲಿ ತಿರುಗಿಸಿ, ಮಟ್ಟಸವಾದ ಮುಖ ಮೇಲೆ ಬರುವಂತೆ ಇಟ್ಟು, ಮರದ ಕೊಡತಿಯಿಂದ ಎರಡು ಪೆಟ್ಟು. ಅಡ್ಡಪಟ್ಟಿ ಇಟ್ಟು ರಸಮಟ್ಟ ನೋಡಿ, ಎದ್ದು ಕಂಡ ಕಲ್ಲಿಗೆ ಇನ್ನೊಂದು ಪೆಟ್ಟು, ತಗ್ಗಿದ್ದರ ಅಡಿಗೆ ಒಂದು ಹಿಡಿ ಮರಳು. 600 ಚದರಡಿಗೆ ಹೀಗೆ 4,600ರಷ್ಟು ಕಲ್ಲು. ಇದರಲ್ಲಿ ಒಂದು ಹಂತ ತಪ್ಪಿದರೂ ಗೇಟಿನ ಬಳಿ ಕಾರು ನಿಂತಲ್ಲೇ ಸ್ಟೀರಿಂಗ್ ತಿರುಗಿಸುವ ಜಾಗದಲ್ಲಿ ಮೊದಲು ಕಲ್ಲು ಸಡಿಲವಾಗುತ್ತದೆ. ಕಮರ್ಷಿಯಲ್ ಸ್ಟ್ರೀಟಿನಲ್ಲಿ ಹಾಸಿದ ಕಲ್ಲು 2021ರ ಮಳೆಗೆ ಏರುಪೇರಾಗಿ ಮತ್ತೆ ಸರಿಪಡಿಸಬೇಕಾಗಿ ಬಂತು. ಸೋತದ್ದು ಕಲ್ಲಲ್ಲ, ಅದರ ಅಡಿಯ ಕೆಲಸ. ಆದರೆ ಮನೆಯವರಿಗೆ ಆ ವಿವರಣೆಯಿಂದ ಸಮಾಧಾನವಿಲ್ಲ. ಅಡಿಯ ಕೆಲಸ ಸರಿಯಾಗಿ ಮಾಡುವವರು ಸಿಗುತ್ತಾರೆಯೇ ಎಂಬುದೇ ಅವರ ಪ್ರಶ್ನೆ. ಒಳ್ಳೆಯ ಕಲ್ಲು, ಒಳ್ಳೆಯ ಕೈ ಎರಡೂ ಸೇರಿದರೆ ಮೊದಲ ಖರ್ಚು ಪೇವರಿಗಿಂತ ಚೆನ್ನಾಗಿಯೇ ಮೇಲೆ ಹೋಗುತ್ತದೆ.

ಕಲ್ಲು ಎಲ್ಲಿಂದ ಬರುತ್ತದೆ ಎಂಬುದೂ ತಕ್ಕಡಿಗೆ ಬರಬೇಕು. ನಗರದ ಸುತ್ತ ದೇವನಹಳ್ಳಿ, ಚಿಕ್ಕಬಳ್ಳಾಪುರ, ಮಾಗಡಿ, ಕನಕಪುರದ ಕಡೆ ಗುಡ್ಡಗಳನ್ನು ಕ್ವಾರಿಗಳು ಕರಗಿಸಿವೆ. 2021ರ ಜನವರಿಯಲ್ಲಿ ಶಿವಮೊಗ್ಗದ ಹುಣಸೋಡಿನಲ್ಲಿ, ಫೆಬ್ರವರಿಯಲ್ಲಿ ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿಯಲ್ಲಿ ಕ್ವಾರಿಯ ಸ್ಫೋಟಕ ಸಿಡಿದು ಕೂಲಿಕಾರರು ಸತ್ತರು. ಕಲ್ಲು ಕೆತ್ತುವಾಗ ಏಳುವ ಸಿಲಿಕಾ ಧೂಳು ವರ್ಷಗಟ್ಟಲೆ ಒಳಗೆ ಹೋದರೆ ಸಿಲಿಕೋಸಿಸ್, ಅದಕ್ಕೆ ಮದ್ದಿಲ್ಲ. ರಾಜಸ್ಥಾನದ ಬೂಂದಿ ಜಿಲ್ಲೆಯ ಬುಧಪುರದಲ್ಲಿ ಯುರೋಪಿನ ಅಂಗಳಗಳಿಗೆ ಹೋಗುವ ಇಂಥ ಕಲ್ಲನ್ನು ಮಕ್ಕಳು ಒಡೆಯುತ್ತಿದ್ದುದು ಹೊರಬಿದ್ದಿದೆ. ಅಗ್ಗದ ಕಲ್ಲು ಕೊಳ್ಳುವವರು ಅದು ಯಾರ ಕೈಯಿಂದ ಬಂತೆಂದು ಕೇಳಲೇಬೇಕು.

ಆದರೆ ಇದೇ ತಕ್ಕಡಿಯಲ್ಲಿ ಕಾಂಕ್ರೀಟನ್ನೂ ತೂಗಬೇಕು. ಅದರ ಜಲ್ಲಿಯೂ ಎಂ-ಸ್ಯಾಂಡೂ ಇದೇ ಗುಡ್ಡಗಳದ್ದು, ಇಂಥವೇ ಕ್ವಾರಿ, ಕ್ರಷರಿನದ್ದು. ಮೇಲೆ ಸಿಮೆಂಟಿನ ಪಾಪ ಬೇರೆ: ಒಂದು ಟನ್ ಸಿಮೆಂಟ್ ತಯಾರಾಗುವಾಗ 600ರಿಂದ 900 ಕಿಲೋ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಕ್ವಾರಿಯ ವಿರುದ್ಧದ ವಾದ ನಿಜವಾಗಿ ಕಲ್ಲಿನ ವಿರುದ್ಧವಲ್ಲ, ಹೆಚ್ಚು ಹಾಸುವುದರ ವಿರುದ್ಧ. ಇದಕ್ಕೊಂದು ದಾರಿಯೂ ಈ ಬಡಾವಣೆಗಳಲ್ಲೇ ಇದೆ. ಇಲ್ಲಿ ಹಳೆಯ ಮನೆಗಳು ಉರುಳುತ್ತಲೇ ಇವೆ. ಅವುಗಳ ತಳಪಾಯದ ಸೈಜುಗಲ್ಲು, ಮೆಟ್ಟಿಲು, ಚಪ್ಪಡಿಗಳು ಲಾರಿ ಹತ್ತಿ ಹೋಗುತ್ತವೆ. ಅವನ್ನು ಕೊಂಡು ಬಳಸಿದರೆ ಹೊಸ ಗುಡ್ಡ ಒಡೆಯಬೇಕಿಲ್ಲ. ನೂರು ವರ್ಷ ಜನರ ಪಾದ ಸವೆಸಿ ನಯಗೊಳಿಸಿದ ಚಪ್ಪಡಿಯ ಮೇಲೆ ನಡೆಯುವ ಸುಖ ಯಾವ ಹೊಸ ಕಲ್ಲಿಗೂ ಇಲ್ಲ.

ಎರಡೂ ಕಡೆ ಕೇಳಿದ ಮೇಲೆ ನನ್ನ ತೀರ್ಮಾನ ಇದು. ಯಾವ ಕಲ್ಲು ಎಂಬುದಕ್ಕಿಂತ ಮೊದಲು ಎಷ್ಟು ನೆಲ ಮುಚ್ಚಲೇಬೇಕು ಎಂದು ಕೇಳಿಕೊಳ್ಳಬೇಕು. ಕಾರಿಗೆ ಬೇಕಾದ್ದು ಎರಡು ಪಟ್ಟಿ. ನಡುವೆ ಹುಲ್ಲೋ ಜಲ್ಲಿಯೋ ಇದ್ದರೆ ಯಾವ ತೊಂದರೆಯೂ ಇಲ್ಲ. ಆ ಪಟ್ಟಿಗಳಿಗೆ ಮರಳಿನ ಮೇಲೆ ಕೂರಿಸಿದ, ಸಂದಿಗೆ ಸಿಮೆಂಟ್ ಮುಟ್ಟಿಸದ ನಾಲ್ಕು ಇಂಚಿನ ಗ್ರಾನೈಟ್ ಕಲ್ಲಿಗಿಂತ ಒಳ್ಳೆಯದು ಕಾಣೆ. ರಸ್ತೆಯಿಂದ ಇಳಿಜಾರಿದ್ದರೆ ಇನ್ನೂ ಸೈ, ಒರಟು ಮೈಯಲ್ಲಿ ಟೈರು ಜಾರುವುದಿಲ್ಲ. ಜನ ನಡೆಯುವ ದಾರಿಗೆ, ಗೇಟಿನಿಂದ ಮೆಟ್ಟಿಲವರೆಗೆ, ವಾಕರ್ ಸರಾಗವಾಗಿ ಹೋಗುವಷ್ಟು ಅಗಲದ ಚಪ್ಪಡಿ. ಅದರ ಮೈ ಉಳಿಯಲ್ಲಿ ಬಡಿದದ್ದಾಗಿರಲಿ, ಪಾಲಿಶ್ ಬೇಡವೇ ಬೇಡ. ಗೇಟಿನ ಮುಂದೆಯೂ ಮೆಟ್ಟಿಲ ಕೆಳಗೂ ರಂಗೋಲಿಗೆ ಒಂದೊಂದು ದೊಡ್ಡ ಚಪ್ಪಡಿ. ಸಂಪಿನ ಮೇಲೆ ತೆಳುವಾದ ಗಟ್ಟಿ ಹಾಸು, ಅದರ ನೀರು ಪಕ್ಕದ ಇಂಗುಗುಂಡಿಗೆ. ಮರದ ಸುತ್ತ ಕನಿಷ್ಠ ಮೂರು ನಾಲ್ಕು ಅಡಿ ಬರೀ ಮಣ್ಣು.

ಹಾಗೆಯೇ, ಕಾಬಲ್ ಕಲ್ಲು ಬೇಡವೆನ್ನುವುದೇ ಸರಿಯಾಗುವ ಮನೆಗಳೂ ಇವೆ. ಗಾಲಿಕುರ್ಚಿ ದಿನವೂ ಓಡಾಡುವ ಮನೆ, ಅಂಗಳದ ಬಹುಪಾಲು ಸಂಪಿನ ಮೇಲೇ ಇರುವ ಮನೆ, ಮರಳಿನ ಮೇಲೆ ಕಲ್ಲು ಕೂರಿಸಿ ಅನುಭವವಿರುವ ಮೇಸ್ತ್ರಿ ಸಿಗದ ಮನೆ. ಅಂಥವರು ಮನಸ್ಸಿನಲ್ಲಿ ಕೊರಗಿಲ್ಲದೆ ಸಂಪಿನ ಮೇಲೆ ಗಟ್ಟಿ ಹಾಸು, ಮಿಕ್ಕ ಕಡೆ ಮರಳಿನ ಮೇಲೆ ಪೇವರ್ ಹಾಸಿಕೊಳ್ಳಲಿ. ಸಂದು ಬಿಟ್ಟ ಪೇವರ್, ಸಿಮೆಂಟಿನಲ್ಲಿ ಮುಳುಗಿದ ಕಲ್ಲಿಗಿಂತ ಎಲ್ಲ ರೀತಿಯಲ್ಲೂ ಮೇಲು. ಕಲ್ಲನ್ನೇ ಆರಿಸಿದವರು ಮೇಸ್ತ್ರಿಯೊಡನೆ ರೇಟು ಮಾತಾಡುವ ಮೊದಲು ಮೂರು ವಿಷಯ ಬರೆದುಕೊಳ್ಳಲಿ: ಅಡಿಗೆ ಪಿಸಿಸಿ ಇಲ್ಲ, ಸಂದಿಗೆ ಸಿಮೆಂಟ್ ಇಲ್ಲ, ಮುಂದಿನ ರಿಪೇರಿಗೆ ಐವತ್ತು ಕಲ್ಲು ಹೆಚ್ಚಿಗೆ ತರಿಸಿ ಹಿತ್ತಲಲ್ಲಿ ಇಟ್ಟಿರಬೇಕು. ಮೊದಲ ಎರಡಕ್ಕೆ ಒಪ್ಪದ ಮೇಸ್ತ್ರಿ ಎಷ್ಟೇ ಅಗ್ಗಕ್ಕೆ ಬಂದರೂ, ಕಲ್ಲಿನ ದುಡ್ಡು ಕೊಟ್ಟು ಕಾಂಕ್ರೀಟ್ ಕೊಂಡಂತೆಯೇ.